ಅಂಪೈರರ ಮೊಣಕಾಲು

ಮಕ್ಕಳ ಕ್ರಿಕೆಟ್ ತಂಡಕ್ಕೆ ‘ಟೀಮ್ ಪೇರೆಂಟ್’ ಆಗಲು ಬೇಕಾದ ಅರ್ಹತೆ ಒಂದೇ: ಕಾರಿನ ಡಿಕ್ಕಿ ದೊಡ್ಡದಿರಬೇಕು. ನನ್ನದು ದೊಡ್ಡದಿದೆ. ಮಗನ ಕೋಚಿಂಗ್ ಕ್ಯಾಂಪಿನ ವಾಟ್ಸ್ಯಾಪ್ ಗುಂಪಿನಲ್ಲಿ ‘ಯಾರಾದ್ರೂ ಒಬ್ಬ ಪೇರೆಂಟ್ ಮುಂದೆ ಬರಬೇಕು’ ಎಂಬ ಸಂದೇಶ ಬಂದಾಗ ಉಳಿದ ತಂದೆತಾಯಂದಿರೆಲ್ಲ ಓದಿಯೂ ಓದದವರಂತೆ ಸುಮ್ಮನಿದ್ದರು. ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ. ಯಾರಾದರೂ ಮುಂದೆ ಬರುವುದು ಒಳ್ಳೆಯದೇ ಎಂಬ ಅರ್ಥದಲ್ಲಿ ಒತ್ತಿದ್ದು. ಮರುಕ್ಷಣವೇ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ‘ಥ್ಯಾಂಕ್ಯೂ ಸರ್, ಕಿಟ್ ಬ್ಯಾಗು ಸಂಜೆನೇ ನಿಮ್ಮನೆಗೆ ಕಳಿಸ್ತೀನಿ’ ಎಂದು ಕೋಚ್ ಬರೆದರು. ಹೆಂಡತಿಯ ಮುಂದೆ ಗೊಣಗಿದೆನಾದರೂ ಒಳಗೊಳಗೇ ಹಿಗ್ಗಿದೆ. ಶಾಲೆ ಕಾಲೇಜಿನಲ್ಲಿ ನನ್ನನ್ನು ಯಾವ ಟೀಮಿಗೂ ಯಾರೂ ಸೇರಿಸಿಕೊಂಡಿರಲಿಲ್ಲ.

ಕೆಲಸಗಳನ್ನು ಹೇಳುತ್ತ ಕೂತರೆ ಮುಗಿಯುವುದಿಲ್ಲ. ಮ್ಯಾಚ್ ದಿನ ಬೆಳಗ್ಗೆ ಮಕ್ಕಳನ್ನು ಅವರವರ ಗೇಟಿನಿಂದ ಎಬ್ಬಿಸಿ ತರುವುದು, ಏಲಕ್ಕಿ ಬಾಳೆಹಣ್ಣು, ಗ್ಲೂಕೋಸು, ಚಿತ್ರಾನ್ನದ ಪೊಟ್ಟಣ, ಮೈದಾನದ ಬಾಡಿಗೆಗೆ ದುಡ್ಡು ವಸೂಲಿ. ಅಬ್ಡೊಮೆನ್ ಗಾರ್ಡ್ ಯಾರದೆಂದು ಎತ್ತಿ ಹಿಡಿದು ಕೂಗುವುದು, ಮತ್ತು ಅದು ತನ್ನದಲ್ಲವೆಂದು ಎಲ್ಲರೂ ಆಣೆ ಇಡುವುದನ್ನು ಕೇಳುವುದು. ಇದನ್ನೆಲ್ಲ ನಿಭಾಯಿಸುತ್ತಿದ್ದೆ. ಅಷ್ಟರಲ್ಲಿ ಕೋಚ್ ಒಂದು ಉದ್ದನೆಯ ಪುಸ್ತಕ ಕೈಗಿಟ್ಟು, “ಇವತ್ತು ಸ್ಕೋರರ್ ನೀವೇ ಸರ್” ಎಂದರು.

ಕ್ರಿಕೆಟ್ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬಿದೆ, ಅಪ್ಪನಿಂದ ಬಂದದ್ದು. ಸತತ 15 ವರ್ಷ ರಣಜಿ ಗೆದ್ದು ಕೂತಿದ್ದ ಬಾಂಬೆಯನ್ನು 1974ರಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಮಣಿಸಿದ ಸೆಮಿಫೈನಲನ್ನು ಅವರು ಕಣ್ಣಾರೆ ಕಂಡವರು. ಪ್ರಸನ್ನ ಅವರು ಗಾವಸ್ಕರ್ ವಿಕೆಟ್ ಹಾರಿಸಿದ ಚೆಂಡನ್ನು ಊಟದೆಲೆಯ ಮುಂದೆ ಉಪ್ಪಿನಕಾಯಿ ಬಾಟಲಿ ಇಟ್ಟು ತೋರಿಸುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನು ರನ್ನು ಬರೆಯಲಾರನೇ? ಪುಸ್ತಕ ತೆರೆದೆ. ಒಂದೇ ರನ್ನನ್ನು ಬ್ಯಾಟ್ಸ್‌ಮನ್ ಮುಂದೆ, ಬೌಲರ್ ಮುಂದೆ, ಒಟ್ಟು ಮೊತ್ತದಲ್ಲಿ, ಹೀಗೆ ಮೂರು ಕಡೆ ಬರೆಯಬೇಕಂತೆ. ವೈಡಿಗೆ ಕೂಡಿಸುವ ಚಿಹ್ನೆ, ನೋಬಾಲಿಗೆ ಸೊನ್ನೆ, ಬೈಗೆ ತ್ರಿಕೋನ, ಲೆಗ್ ಬೈಗೆ ತಲೆಕೆಳಗಾದ ತ್ರಿಕೋನ. ಬಿ.ಕಾಂ. ಮುಗಿಸಿದ ಮೇಲೆ ಇಂಥದ್ದನ್ನು ನಾನು ಕಂಡಿರಲಿಲ್ಲ.

ಎದುರು ತಂಡದ ಸ್ಕೋರರ್ ಒಬ್ಬ ಅಜ್ಜಿ. ಬ್ಯಾಂಕಿನಲ್ಲಿದ್ದು ರಿಟೈರಾದವರು, ಮೊಮ್ಮಗ ಆ ಟೀಮಿನಲ್ಲಿದ್ದ. ನಾಲ್ಕು ಬಣ್ಣದ ಪೆನ್ನು, ಅಡಿಕೋಲು, ಗಾಳಿಗೆ ಹಾಳೆ ಹಾರದಂತೆ ರಬ್ಬರ್ ಬ್ಯಾಂಡು. “ನೋಡಪ್ಪ, ನಂಗೆ ಫ್ರೋಜನ್ ಶೋಲ್ಡರು. ಅಂಪೈರು ಸನ್ನೆ ಮಾಡಿದ್ರೆ ಕೈ ಎತ್ತೋದು ನಿನ್ನ ಕೆಲಸ” ಎಂದು ಮೊದಲೇ ಕರಾರು ಮಾಡಿಕೊಂಡರು. ಪ್ರತಿ ಓವರ್ ಮುಗಿದಾಗಲೂ ಮೊತ್ತ ಹೇಳಿ “ಸರಿನಾ?” ಎನ್ನುತ್ತಿದ್ದರು. ನಾನು “ಸರಿ ಅಮ್ಮ” ಎನ್ನುತ್ತಿದ್ದೆ. ಅವರು ಏನು ಹೇಳಿದ್ದರೂ ಸರಿ ಎನ್ನುತ್ತಿದ್ದೆ.

ಎದುರಾಳಿಗಳು 30 ಓವರಿಗೆ 118 ಹೊಡೆದರು. ನಮ್ಮ ಹುಡುಗರು ಬ್ಯಾಟಿಂಗಿಗೆ ಇಳಿದು ಅರ್ಧ ದಾರಿ ಬಂದಿದ್ದಾಗ ನಾನು ಡ್ರಿಂಕ್ಸಿಗೆಂದು ಕಿತ್ತಳೆ ಸುಲಿಯುತ್ತಿದ್ದೆ. ತಲೆ ಎತ್ತಿ ನೋಡುತ್ತೇನೆ, ಅಂಪೈರು ಒಂಟಿಕಾಲಲ್ಲಿ ನಿಂತಿದ್ದಾರೆ. ಇನ್ನೊಂದು ಮೊಣಕಾಲು ಮೇಲೆತ್ತಿ, ಅದನ್ನು ಕೈಯಿಂದ ಒತ್ತಿ ಹಿಡಿದು, ನನ್ನನ್ನೇ ದೃಷ್ಟಿಸುತ್ತಿದ್ದಾರೆ. ಅರವತ್ತು ದಾಟಿದ ಜೀವ, ನೆತ್ತಿಯ ಮೇಲೆ ಬಿಸಿಲು. ಮುಖದಲ್ಲಿ ಯಾತನೆ ಎದ್ದು ಕಾಣುತ್ತಿತ್ತು. ಲೆಗ್ ಬೈ ಸನ್ನೆ ನನಗೆ ಗೊತ್ತಿಲ್ಲವೆಂದಲ್ಲ. ಟೀವಿಯಲ್ಲಿ ಅದು ತೊಡೆ ತಟ್ಟಿ ಮುಗಿದುಹೋಗುತ್ತದೆ, ಅಷ್ಟರಲ್ಲಿ ಜಾಹೀರಾತು ಬರುತ್ತದೆ. ಇವರು ಕಾಲು ಇಳಿಸುತ್ತಲೇ ಇಲ್ಲ! ಫಸ್ಟ್ ಏಡ್ ಪೆಟ್ಟಿಗೆ ಯಾರ ಜವಾಬ್ದಾರಿ? ಟೀಮ್ ಪೇರೆಂಟಿನದು. ನೋವಿನ ಸ್ಪ್ರೇ ಹಿಡಿದು ಮೈದಾನಕ್ಕೆ ಓಡಿದೆ.

ನಾನು ಓಡುವುದನ್ನು ಕಂಡು ಡ್ರಿಂಕ್ಸ್ ಬಂತೆಂದು ಫೀಲ್ಡರುಗಳು ನಿಂತಲ್ಲೇ ಕುಳಿತರು. ವಿಕೆಟ್‌ಕೀಪರ್ ಗ್ಲೌಸ್ ಕಳಚಿದ. ನಮ್ಮ ಬ್ಯಾಟ್ಸ್‌ಮನ್ “ಅಂಕಲ್, ನೀರು” ಎಂದ. ನಾನು ಯಾರಿಗೂ ಕಿವಿಗೊಡದೆ, ಚಪ್ಪಲಿಯಲ್ಲೇ ಮ್ಯಾಟ್ ದಾಟಿ, ಅಂಪೈರರ ಮುಂದೆ ಮಂಡಿಯೂರಿ, ಪ್ಯಾಂಟಿನ ಮೇಲಿಂದಲೇ ಆ ಮೊಣಕಾಲಿಗೆ ಧಾರಾಳವಾಗಿ ಸ್ಪ್ರೇ ಹೊಡೆದೆ.

“ಏನ್ ಸ್ವಾಮಿ ಇದು?”

“ಎರಡು ನಿಮಿಷ ಸಾರ್, ಉರಿಯುತ್ತೆ, ಆಮೇಲೆ ತಣ್ಣಗಾಗುತ್ತೆ.”

“ಲೆಗ್ ಬೈ ರೀ! ಲೆಗ್ ಬೈ!”

ಆಗಲೂ ಅವರು ಕಾಲು ಇಳಿಸಲಿಲ್ಲ. ಸ್ಕೋರರ್ ಉತ್ತರ ಕೊಡುವವರೆಗೆ ಅಂಪೈರ್ ಆಟ ಮುಂದುವರಿಸುವಂತಿಲ್ಲ ಎಂಬುದು ಕ್ರಿಕೆಟ್ಟಿನ ಲಿಖಿತ ನಿಯಮ. ಉತ್ತರ ಸಿಗುವವರೆಗೆ ಕಾಲು ಇಳಿಸುವಂತಿಲ್ಲ ಎಂಬುದು ಇವರೇ ಸೇರಿಸಿಕೊಂಡದ್ದಿರಬೇಕು. ಕೊಕ್ಕರೆಯ ಹಾಗೆ ನಿಂತೇ ಇದ್ದರು. ನಾನು ಅಲ್ಲೇ ಸ್ಪ್ರೇ ಹಿಡಿದ ಕೈ ಎತ್ತಿದೆ. “ಇಲ್ಲಿಂದಲ್ಲ, ಟೇಬಲ್ ಹತ್ರದಿಂದ!” ಎಂದು ಗದರಿದರು. ವಾಪಸ್ ಓಡಿ, ಕುರ್ಚಿಯಲ್ಲಿ ಕೂತು, ಏದುಸಿರು ಬಿಡುತ್ತ ವಿಧಿವತ್ತಾಗಿ ಕೈ ಎತ್ತಿದ ಮೇಲೆ ಆ ಕಾಲು ಭೂಮಿಗೆ ಇಳಿಯಿತು. ಅಜ್ಜಿ ಪುಸ್ತಕದಿಂದ ತಲೆ ಎತ್ತದೆ, “ಕಿತ್ತಳೆ ಸಿಹಿ ಇದೆಯಾ?” ಎಂದರು.

ನಮ್ಮ ಕಡೆಯ ಒಬ್ಬ ತಂದೆಗೆ ಇದರಿಂದ ಸಿಟ್ಟು. ಈ ಮಹಾಶಯರು ಪ್ರತಿ ಮ್ಯಾಚಿಗೂ ಟ್ರೈಪಾಡ್ ಹೊತ್ತು ತರುತ್ತಾರೆ, ಒಂದು ಬಾಟಲಿ ನೀರು ಹೊತ್ತು ತಂದದ್ದು ನಾನು ಕಾಣೆ. “ನನ್ನ ಮಗನ ಕಾನ್ಸಂಟ್ರೇಷನ್ ಹಾಳ್ಮಾಡಿದ್ರಿ” ಎಂದರು. ಅವರ ಮಗ ಆಗ ರನ್ನರ್ ತುದಿಯಲ್ಲಿ ಮೂಗಿಗೆ ಬೆರಳು ಹಾಕಿ ನಿಂತಿದ್ದ.

ಮುಂದಿನ ಓವರಿನಲ್ಲಿ ನಮ್ಮ ತಂಡದ ಅತಿ ಚಿಕ್ಕ ಹುಡುಗ ಸೊನ್ನೆಗೆ ಔಟಾಗಿ ಬಂದು ನೀರಿನ ಕ್ಯಾನಿನ ಹಿಂದೆ ಕೂತ. ಇಂಥ ಮಕ್ಕಳಿಗೆ ಹೇಳಲೆಂದು ನಮ್ಮಂಥವರ ಬಳಿ ಒಂದು ಕತೆ ಸದಾ ಸಿದ್ಧವಿರುತ್ತದೆ: 1969, ಕಾನ್ಪುರ, ವಿಶ್ವನಾಥ್ ಅವರ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಭಾವ ತುಂಬಿ ಹೇಳಿದೆ. ಹುಡುಗ ಪ್ಯಾಡ್ ಬಿಚ್ಚುತ್ತ, “ನಮಗೆ ಸೆಕೆಂಡ್ ಇನ್ನಿಂಗ್ಸ್ ಇರಲ್ಲ ಅಂಕಲ್” ಎಂದ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಪ್ಯಾಡಿನ ಇನ್ನೊಂದು ಪಟ್ಟಿ ಬಿಚ್ಚಿಕೊಟ್ಟೆ.

ಕೊನೆಯ ಚೆಂಡು. “ಎರಡು ಬೇಕು!” ಎಂದು ನಾನು ಕೂಗಿದೆ. ಅಜ್ಜಿ ಏನೋ ಅಂದರು, ಗದ್ದಲದಲ್ಲಿ ಅಭ್ಯಾಸಬಲದಿಂದ ಸರಿ ಎಂದೆ. ಹುಡುಗರು ಒಂದೇ ರನ್ ಓಡಿದರು. ನನ್ನ ಲೆಕ್ಕದಲ್ಲಿ ಎರಡೂ ಕಡೆ 118, ಟೈ. ಅಜ್ಜಿ ಅಡಿಕೋಲಿಟ್ಟು ಗೆರೆ ಎಳೆದು, “119. ನೀವು ಗೆದ್ರಿ” ಎಂದರು.

ಕೋಚ್‌ಗಳು, ಪಾಲಕರು ಎಲ್ಲ ಟೇಬಲಿಗೆ ಮುತ್ತಿದರು. ಟ್ರೈಪಾಡ್ ಮಹಾಶಯರು “ನನ್ನ ಹತ್ರ ಫುಲ್ ವಿಡಿಯೋ ಇದೆ” ಎಂದು ಮೊಬೈಲ್ ಹಿಡಿದು ನುಗ್ಗಿದರು. ವಿಡಿಯೋದಲ್ಲಿ ಅವರ ಮಗ ಆಡಿದ ಚೆಂಡುಗಳು ಮಾತ್ರ ಇದ್ದವು. ಬೇರೆಯವರ ಮಕ್ಕಳು ಬ್ಯಾಟ್ ಹಿಡಿದಾಗಲೆಲ್ಲ ಆಫ್ ಮಾಡಿಟ್ಟಿದ್ದರು. ಕೊನೆಗೆ ಅಂಪೈರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಓವರ್ ಓವರಾಗಿ ಬೆರಳಾಡಿಸಿದರು. ನನ್ನದರಲ್ಲಿ ಒಂದು ಓವರಿಗೆ ಐದೇ ಚೆಂಡು, ಆರನೆಯದರ ಜಾಗದಲ್ಲಿ ಕಿತ್ತಳೆಯ ಕಲೆ. ಅಜ್ಜಿಯ ಪುಸ್ತಕದಲ್ಲಿ ಅದೇ ಜಾಗದಲ್ಲಿ, ಹಸಿರು ಶಾಯಿಯಲ್ಲಿ, ತಲೆಕೆಳಗಾದ ಪುಟ್ಟ ತ್ರಿಕೋನ. “ಈ ಲೆಗ್ ಬೈ ನಾನು ಸಾಯೋವರೆಗೂ ಮರೆಯಲ್ಲ” ಎಂದರು ಅಂಪೈರು. ಅವರ ಪ್ಯಾಂಟು ಇನ್ನೂ ಘಮಘಮಿಸುತ್ತಿತ್ತು.

ಅಜ್ಜಿ ಸುಮ್ಮನಿದ್ದಿದ್ದರೆ ಅವರ ತಂಡ ಸೋಲುತ್ತಿರಲಿಲ್ಲ. ಅವರ ಕಡೆಯವರು ಅವರನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಒಬ್ಬಾಕೆಯಂತೂ ಕೇಳಿಸುವಂತೆಯೇ “ಯಾವ ಟೀಮಿಗೆ ಸ್ಕೋರಿಂಗ್ ಮಾಡೋಕೆ ಬಂದಿದ್ರು?” ಎಂದರು. ಅಜ್ಜಿ ಪೆನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. ಮೊಮ್ಮಗ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

“ಬಾಳೆಹಣ್ಣು ಉಳಿದಿದ್ಯೇನಪ್ಪ? ಅವನಿಗೆ ಒಂದು ಕೊಟ್ಟು ಬಾ. ಬೆಳಗ್ಗೆಯಿಂದ ಏನೂ ತಿಂದಿಲ್ಲ. ಇವತ್ತು ನಾನು ಕೊಟ್ರೆ ಮುಟ್ಟಲ್ಲ.”

ಹೋಗಿ ಎರಡು ಕೊಟ್ಟೆ. ಒಂದರ ಸಿಪ್ಪೆ ಸುಲಿಯುತ್ತ ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಥ್ಯಾಂಕ್ಸ್ ಅಂಕಲ್. ನಿಮ್ಮ ಬುಕ್ಕೇ ಕರೆಕ್ಟಾಗಿತ್ತು.”