ತುಂಬಿ ಕೂರಿಸುವುದೋ, ಖಾಲಿ ಕೂರಿಸುವುದೋ

ನಮ್ಮ ಬಡಾವಣೆಯಲ್ಲಿ ಜಗಳಕ್ಕೆ ಕಾರಣಗಳು ಕಡಿಮೆ. ನಲ್ಲಿ ನೀರು ಹೊತ್ತಿಗೆ ಸರಿಯಾಗಿ ಬರುತ್ತದೆ, ಬೀದಿನಾಯಿಗಳ ವಿಷಯದಲ್ಲಿ ಎಲ್ಲರದೂ ಒಂದೇ ಮಾತು, ರಾಜಕೀಯಕ್ಕೆ ಎರಡೂ ಮನೆಯವರು ಸೇರಿ ನಿಷೇಧ ಹಾಕಿದ್ದಾರೆ. ಹಾಗಾಗಿ ಭಾನುವಾರದ ಹರಟೆಗೆ ಉಳಿದಿರುವುದು ಗಾಡಿಗಳು. ದಾಸವಾಳದ ಬೇಲಿಯ ಆಚೆ ಬಸ್ ಡಿಪೋದಿಂದ ನಿವೃತ್ತರಾದ ಫೋರ್ಮನ್ನರು, ಈಚೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಗಂಟಲು ಕೆಡಿಸಿಕೊಂಡ ನಾನು. ಇಬ್ಬರಿಗೂ ಪಿಂಚಣಿ ಬರುತ್ತದೆ, ಇಬ್ಬರ ಮಾತನ್ನೂ ಮನೆಯೊಳಗೆ ಯಾರೂ ಕೇಳುವುದಿಲ್ಲ.

ಈ ಸಲದ ವಿಷಯ ಎದ್ದಿದ್ದು ಅವರ ಅಳಿಯನ ಕಾರಿನಿಂದ. ಹುಡುಗ ಡ್ರೈನ್ ಬೋಲ್ಟ್ ಬಿಚ್ಚಿ ಚೇಂಬರ್ ಖಾಲಿ ಮಾಡಿ, ಹೊಸ ಆಯಿಲ್ ಫಿಲ್ಟರನ್ನು ಡಬ್ಬದಿಂದ ತೆಗೆದು ಹಾಗೇ ತಿರುಗಿಸಲು ಹೊರಟಿದ್ದ. ಮಾವ ಕೈ ಹಿಡಿದರು.

"ಒಣ ಫಿಲ್ಟರ್ ಹಾಕ್ತಾರೇನಪ್ಪಾ? ಮೊದ್ಲು ಅದಕ್ಕೆ ಆಯಿಲ್ ಕುಡಿಸು. ಎಂಜಿನ್ ಸ್ಟಾರ್ಟ್ ಆದ ತಕ್ಷಣ ಬೇರಿಂಗಿಗೆ ಏನು ಸಿಗುತ್ತೆ, ಗಾಳೀನಾ?"

ಅಳಿಯ ಮಾವನಿಗೆ ಎದುರಾಡುವವನಲ್ಲ. ಮೆಲ್ಲಗೆ ನನ್ನ ಕಡೆ ನೋಡಿದ. ನನಗೆ ಅಷ್ಟು ಸಾಕಾಯಿತು.

"ಬೇಡ ಬಿಡಿ ಫೋರ್ಮನ್ನರೇ, ಹಾಗೇ ಕೂರಿಸ್ಲಿ" ಅಂದೆ.

"ನೀವು ಮೇಷ್ಟ್ರು, ಪುಸ್ತಕ ನೋಡಿ ಹೇಳ್ತೀರಿ. ನಾವು ಡಿಪೋದಲ್ಲಿ ಒಂದೊಂದು ಬಸ್ಸಿಗೂ ತುಂಬಿಸಿಯೇ ಹಾಕಿದೋರು. ಅದರಿಂದ ಒಂದು ಎಂಜಿನ್ನೂ ಬೋರಿಗೆ ಬಂದಿಲ್ಲ."

ಅವರ ಮಾತು ಸುಳ್ಳಲ್ಲ. ಬಸ್ಸು ಲಾರಿಗಳ ಫಿಲ್ಟರ್ ಸಣ್ಣ ಬಿಂದಿಗೆಯಷ್ಟು ಇರುತ್ತದೆ, ಲೀಟರುಗಟ್ಟಲೆ ಹಿಡಿಯುತ್ತದೆ. ಕೆಲವು ಎಂಜಿನ್ನಿಗೆ ಅಂಥವು ಎರಡು. ಆ ಖಾಲಿ ಹೊಟ್ಟೆ ತುಂಬುವ ತನಕ ಆಯಿಲ್ ಮುಂದಕ್ಕೆ ಹೋಗುವುದಿಲ್ಲ. ಅಷ್ಟರಲ್ಲಿ ಟರ್ಬೋ ತಿರುಗಲು ಶುರು ಮಾಡಿರುತ್ತದೆ, ಅದರ ದಂಡಕ್ಕೆ ಆಯಿಲೇ ಆಧಾರ. ಅದರ ಮೇಲೆ ಆ ಫಿಲ್ಟರುಗಳು ಬಾಯಿ ಮೇಲೆ ಮಾಡಿ ನೇತಾಡುತ್ತವೆ, ತುಂಬಿಸಿದ್ದು ಚೆಲ್ಲುವುದೂ ಇಲ್ಲ. ಡಿಪೋದವರು ಹೆದರಿದ್ದರಲ್ಲಿ ಅರ್ಥವಿದೆ.

ಅಳಿಯನ ಕಾರಿನ ಕಥೆ ಬೇರೆ. ಅದರ ಫಿಲ್ಟರ್ ಅಂಗೈಯಲ್ಲಿ ಕೂರುತ್ತದೆ, ಹಿಡಿಯುವುದು ಕಾಲು ಲೀಟರಿನ ಆಸುಪಾಸು. ಎಂಜಿನ್ ನಿಧಾನಗತಿಯಲ್ಲಿ ಓಡುವಾಗಲೂ ಪಂಪು ನಿಮಿಷಕ್ಕೆ ಹಲವು ಲೀಟರ್ ತಳ್ಳುತ್ತದೆ. ಕೆಂಪು ದೀಪ ಎರಡು ಮೂರು ಸೆಕೆಂಡು ಉರಿದು ಆರಿಬಿಡುತ್ತದೆ. ಆ ಹೊತ್ತಿನಲ್ಲಿ ಬೇರಿಂಗುಗಳೇನೂ ಒಣಗಿ ಕೂತಿರುವುದಿಲ್ಲ. ಹಳೆಯ ಆಯಿಲ್ ಬಿಟ್ಟುಹೋದ ತೆಳುಪದರ ಇನ್ನೂ ಅಂಟಿಕೊಂಡಿರುತ್ತದೆ. ಎಕ್ಸಲರೇಟರ್ ಒತ್ತದೆ ಸುಮ್ಮನೆ ಓಡಲು ಬಿಟ್ಟರೆ ಎಂಜಿನ್ನಿಗೆ ಅದೊಂದು ತೊಂದರೆಯೇ ಅಲ್ಲ.

ಫೋರ್ಮನ್ನರು ಬಿಡಲಿಲ್ಲ. "ಸರಿ, ಲಾಭ ಕಮ್ಮಿ ಅಂತಲೇ ಇಟ್ಕೊಳ್ಳಿ. ನಷ್ಟ ಏನು?"

ನಷ್ಟ ಆಯಿಲ್ ಸುರಿಯುವ ಜಾಗದಲ್ಲಿದೆ. ಫಿಲ್ಟರಿನ ಬಾಯಿ ನೋಡಿ: ನಡುವೆ ಮರೆ ಕೊರೆದ ದೊಡ್ಡ ತೂತು, ಸುತ್ತ ಉಂಗುರದಂತೆ ಸಣ್ಣ ತೂತುಗಳು. ಕೊಳೆ ಆಯಿಲ್ ಒಳಗೆ ಹೋಗುವುದು ಸುತ್ತಲಿನ ಸಣ್ಣ ತೂತುಗಳಿಂದ. ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದದ ಮೂಲಕ ಹಾದು, ಶುದ್ಧವಾದದ್ದು ನಡುವಿನ ತೂತಿನಿಂದ ಹೊರಗೆ ಬರುತ್ತದೆ, ನೇರ ಬೇರಿಂಗಿಗೆ ಹೋಗುತ್ತದೆ. ತುಂಬಿಸುವವರು ಆಯಿಲ್ ಸುರಿಯುವುದು ಎಲ್ಲಿಗೆ? ದೊಡ್ಡದಾಗಿ ಕಾಣುವ ನಡುವಿನ ತೂತಿಗೇ. ಕಾಫಿ ಪುಡಿಯನ್ನು ಫಿಲ್ಟರಿನ ಮೇಲಿನ ಡಬ್ಬಿ ಬಿಟ್ಟು ಕೆಳಗಿನ ಡಬ್ಬಿಗೆ ಸುರಿದ ಹಾಗಾಯಿತು. ಡಬ್ಬದ ಬಾಯಿಯ ಸೀಲಿನ ಚೂರು, ಮುಚ್ಚಳದ ಪ್ಲಾಸ್ಟಿಕ್ ಎಳೆ, ಗ್ಯಾರೇಜಿನ ಗೋಡೆಗೆ ನೇತುಹಾಕಿದ ಆಲಿಕೆಯ ಧೂಳು, ಏನಿದ್ದರೂ ಇನ್ನು ಸೋಸುವವರಿಲ್ಲ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು 0.03ರಿಂದ 0.06 ಮಿ.ಮೀ. ಆಸುಪಾಸು. ಒಂದು ಮರಳಿನ ಕಣಕ್ಕೆ ಅಲ್ಲಿ ಜಾಗವಿಲ್ಲ, ಆದರೂ ನುಗ್ಗುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ಸಣ್ಣ ನಳಿಗೆಗಳಿರುತ್ತವೆ. ಸೀಲಿನ ಒಂದು ಚೂರು ಅದರ ಬಾಯಿಗೆ ಕೂತರೆ ಪಿಸ್ಟನ್ನಿನ ಗತಿ ಮುಗಿಯಿತು.

ಅದೇ ಆಯಿಲನ್ನು ಮೇಲಿನಿಂದ ಚೇಂಬರಿಗೆ ಹೊಯ್ದರೆ ಈ ಭಯವಿಲ್ಲ. ಪಂಪು ಅದನ್ನು ಎತ್ತಿ ಮೊದಲು ಫಿಲ್ಟರಿಗೇ ಕಳಿಸುತ್ತದೆ.

"ನಮ್ದು ಬ್ಯಾರಲ್ ಆಯಿಲ್ ಮೇಷ್ಟ್ರೇ, ಪಂಪಲ್ಲಿ ಬರ್ತಿತ್ತು. ಕಸ ಎಲ್ಲಿಂದ ಬರ್ಬೇಕು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸರಿ, ಸುತ್ತಲಿನ ತೂತಿಗೇ ಹೊಯ್ತೀನಿ, ಆಗ?" ಅಂದರು. ಅದು ಒಪ್ಪತಕ್ಕ ಮಾತು. ಕೆಲವು ಲಾರಿ ಫಿಲ್ಟರುಗಳ ಜೊತೆಗೆ ನಡುವಿನ ತೂತು ಮುಚ್ಚಲು ಒಂದು ಪ್ಲಾಸ್ಟಿಕ್ ಬಿರಡೆಯೂ ಬರುತ್ತದೆ. ಆದರೆ ಕಾಗದ ಆಯಿಲ್ ಹೀರಿಕೊಳ್ಳುವುದು ಬಲು ನಿಧಾನ. ತುಂಬುವ ತನಕ ಕಾಯುವ ತಾಳ್ಮೆ ಇದ್ದವರು ಯಾವ ಗ್ಯಾರೇಜಿನಲ್ಲಿದ್ದಾರೆ?

ದೊಡ್ಡ ಎಂಜಿನ್ ಮಾಡುವವರಲ್ಲೂ ಈ ವಿಷಯದಲ್ಲಿ ಒಮ್ಮತವಿಲ್ಲ. ಕಮಿನ್ಸ್‌ನ ಹಲವು ಎಂಜಿನ್ನುಗಳ ಪುಸ್ತಕ ಶುದ್ಧ ಆಯಿಲ್ ತುಂಬಿಸಿ ಕೂರಿಸಿ ಅನ್ನುತ್ತದೆ. ಕ್ಯಾಟರ್‌ಪಿಲರ್‌ನ ಪುಸ್ತಕ ತುಂಬಿಸಬೇಡಿ, ಆ ಆಯಿಲ್ ಸೋಸಿದ್ದಲ್ಲ, ಬಿಡಿಭಾಗ ಬೇಗ ಸವೆಯುತ್ತದೆ ಅನ್ನುತ್ತದೆ. ಇಬ್ಬರೂ ಎಂಜಿನ್ ಕಟ್ಟಿ ಬದುಕಿದವರೇ. ಒಬ್ಬರಿಗೆ ಒಣಗುವ ಭಯ, ಇನ್ನೊಬ್ಬರಿಗೆ ಕೊಳೆಯ ಭಯ. ಡಿಪೋದಲ್ಲಿ ಯಾವ ಪುಸ್ತಕ ಇತ್ತು ಅಂತ ಕೇಳಿದೆ. "ಪುಸ್ತಕ ಎಲ್ಲಿತ್ತು? ನಮ್ಮ ಹಿರಿಯ ಮೆಕ್ಯಾನಿಕ್ಕೇ ಪುಸ್ತಕ" ಅಂದರು.

ಇಷ್ಟಕ್ಕೂ ಈ ಫಿಲ್ಟರ್ ಅನ್ನುವುದೇ ಕಾರಿನ ಜೊತೆ ಹುಟ್ಟಿದ್ದಲ್ಲ. ಫೋರ್ಡ್‌ನ ಮಾಡೆಲ್ ಟಿಗೆ ಫಿಲ್ಟರೂ ಇರಲಿಲ್ಲ, ಆಯಿಲ್ ಪಂಪೂ ಇರಲಿಲ್ಲ. ತಿರುಗುವ ಚಕ್ರ ಎರಚಿದ ಆಯಿಲಿನಲ್ಲೇ ಅದು ಲೋಕ ಸುತ್ತಿತು. ಅಮೆರಿಕದಲ್ಲಿ ಪ್ಯೂರೊಲೇಟರ್ ಫಿಲ್ಟರ್ ಬಂದದ್ದು 1923ರ ಸುಮಾರಿಗೆ. ಫೋಕ್ಸ್‌ವ್ಯಾಗನ್ ಬೀಟಲ್ ಅಂತೂ ದಶಕಗಳ ಕಾಲ ಬರೀ ತಂತಿಜಾಲರಿಯಲ್ಲೇ ಸಂಸಾರ ಮಾಡಿತು. ನಮ್ಮ ಬೀದಿಯ ಸ್ಪ್ಲೆಂಡರ್, ಆಕ್ಟಿವಾಗಳಿಗೂ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಆ ಮನೆಯವರು ಈ ಚರ್ಚೆಗೆ ಬರದೆ ನೆಮ್ಮದಿಯಾಗಿದ್ದಾರೆ.

ತುಂಬಿಸಲೇಬೇಕು ಅಂದರೂ ಎಲ್ಲ ಕಾರುಗಳಲ್ಲಿ ಸಾಧ್ಯವಿಲ್ಲ. ಕೆಲವದರಲ್ಲಿ ಫಿಲ್ಟರ್ ಅಡ್ಡಡ್ಡ ಕೂರುತ್ತದೆ, ತುಂಬಿದ್ದರಲ್ಲಿ ಅರ್ಧ ಮೊಣಕೈಗೆ, ಅರ್ಧ ಅಂಗಳಕ್ಕೆ. ಕೆಲವದರಲ್ಲಿ ತಲೆಕೆಳಗು. ಮೇಲಿನಿಂದ ಮುಚ್ಚಳ ಬಿಚ್ಚಿ ಎಲಿಮೆಂಟ್ ಮಾತ್ರ ಬದಲಿಸುವ ಗಾಡಿಗಳಲ್ಲಿ ತುಂಬಿಸುವುದು ಯಾವುದಕ್ಕೆ?

ಒಣ ಸ್ಟಾರ್ಟಿನ ಭಯ ಹೋಗದವರಿಗೆ ಇನ್ನೊಂದು ದಾರಿ ಇದೆ. ಅದನ್ನು ಹೇಳಿದವರು ಫೋರ್ಮನ್ನರೇ. ಹಳೆಯ ಡೀಸೆಲ್ ಜೀಪು, ಟ್ರ್ಯಾಕ್ಟರುಗಳಲ್ಲಿ ಎಂಜಿನ್ ನಿಲ್ಲಿಸಲು ಎಳೆಯುವ ಗುಬ್ಬಿ ಇರುತ್ತದಲ್ಲ, ಅದನ್ನು ಎಳೆದು ಹಿಡಿದು ಸೆಲ್ಫ್ ಹೊಡೆಯುವುದು. ಡೀಸೆಲ್ ಹೋಗದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ಸುಮ್ಮನೆ ತಿರುಗುತ್ತದೆ, ಪಂಪು ಫಿಲ್ಟರನ್ನು ತುಂಬಿಸುತ್ತದೆ. ಆಮೇಲೆ ಗುಬ್ಬಿ ಬಿಟ್ಟು ಸ್ಟಾರ್ಟ್ ಮಾಡಿದರಾಯಿತು. ಇಂಜೆಕ್ಷನ್ ಇರುವ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಎಕ್ಸಲರೇಟರನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆದರೂ ಪೆಟ್ರೋಲ್ ನಿಲ್ಲುತ್ತದೆ. ತುಂಬಿಸುವ ಜಗಳವನ್ನೇ ಕಳೆಯುವ ಈ ಉಪಾಯ ಗೊತ್ತಿದ್ದೂ ಅರ್ಧ ಗಂಟೆ ವಾದ ಮಾಡಿದರಲ್ಲ, ಆ ಮನುಷ್ಯನನ್ನು ಮೆಚ್ಚಬೇಕು.

ಈ ಗಲಾಟೆಯಲ್ಲಿ ಅಳಿಯ ಒಂದು ಕೆಲಸ ಮಾಡಿದ್ದ. ಎಂಜಿನ್ನಿನ ಕಡೆ ಫಿಲ್ಟರ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ, ಹಳೆಯ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡಿದೆಯೇ ಅಂತ ನೋಡಿದ್ದ. ಆ ವಿಷಯ ನಮ್ಮಿಬ್ಬರ ಬಾಯಲ್ಲೂ ಬಂದಿರಲಿಲ್ಲ. ಹಳೆ ರಿಂಗಿನ ಮೇಲೆ ಹೊಸ ರಿಂಗ್ ಕೂತರೆ ಒತ್ತಡ ಏರಿದಾಗ ಒಂದು ಆಚೆ ಜಾರುತ್ತದೆ, ಚೇಂಬರಿನ ಆಯಿಲೆಲ್ಲ ರಸ್ತೆಗೆ. ಗಮನಿಸದೆ ಓಡಿಸಿದರೆ ಎಂಜಿನ್ ಸೀಜ್. ಅದರ ಮುಂದೆ ಎರಡು ಸೆಕೆಂಡಿನ ಒಣ ಓಟ ಏನೂ ಅಲ್ಲ.

ನನ್ನ ತೀರ್ಪು ಇಷ್ಟು: ಸಣ್ಣ ಕಾರಿಗೆ ಖಾಲಿ ಫಿಲ್ಟರ್, ದೊಡ್ಡ ಡೀಸೆಲ್ಲಿಗೆ ಅದರ ಪುಸ್ತಕ ಹೇಳಿದ ಹಾಗೆ. ನೀವು ಯಾವ ಪಕ್ಷದವರಾದರೂ ಸರಿ, ಫಿಲ್ಟರ್ ತಿರುಗಿಸುವ ಮುಂಚೆ ಹಳೆಯ ರಿಂಗ್ ಕೈಗೆ ಬಂದಿದೆಯೇ ನೋಡಿಕೊಳ್ಳಿ, ಹೊಸದಕ್ಕೆ ಒಂದು ಬೆರಳು ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿ. ಪಾನಾ ಬೇಡ.