ಪಾಸ್ ತಗೊಂಡು ಟ್ಯೂಬಿಂಗನ್‌ಗೆ

"ಮೇಡಂ, ಹತ್ತು ದಿನಕ್ಕೆ ಏಳು ದೇಶ ತೋರಿಸ್ತಾರಂತೆ. ಊಟ, ತಿಂಡಿ, ಬಸ್ಸು ಎಲ್ಲ ಅವರದೇ. ಏನಂತೀರ?"

ಕಾಂಪೌಂಡ್ ಗೋಡೆಯ ಆಚೆ ದಾಸವಾಳದ ಗಿಡಕ್ಕೆ ನೀರು ಬಿಡುತ್ತಾ ಪಕ್ಕದ ಮನೆಯ ಅಣ್ಣ ಕೇಳಿದರು. ಮೈಸೂರಿನ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಕೆಲಸ ಮಾಡಿ ನಿವೃತ್ತರಾದವರು. ಮಗಳು ಮದುವೆಯಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಬನ್ನಿ ಬನ್ನಿ ಅಂತ ಅವಳು ಕರೆಯುತ್ತಲೇ ಇದ್ದಾಳೆ. ಹೋಗುವುದೇನೋ ಹೋಗುತ್ತೇವೆ, ಹೋದ ಮೇಲೆ ಯೂರೋಪೆಲ್ಲ ನೋಡಿಯೇ ಬರೋಣ ಅನ್ನುವ ಲೆಕ್ಕ ಅವರದು.

"ಬೇಡ ಅಣ್ಣ" ಅಂದೆ. "ಏಳು ದೇಶದಲ್ಲಿ ನೀವು ನೋಡೋದು ಏಳು ಬಸ್ ಸ್ಟ್ಯಾಂಡು. ಒಂದೇ ಸೀಮೆ ಹಿಡೀರಿ. ಸಣ್ಣ ಸಣ್ಣ ಊರು, ನಿಧಾನದ ರೈಲು. ದುಡ್ಡೂ ಉಳಿಯುತ್ತೆ, ಕಾಲೂ ಉಳಿಯುತ್ತೆ."

"ಸಣ್ಣ ಊರಲ್ಲಿ ನೋಡೋಕೇನಿದೆ ಮೇಡಂ?"

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಈ ಪ್ರಶ್ನೆ ಕೇಳಿದರೆ ಸುಮ್ಮನೆ ಬಿಡುತ್ತೇನೆಯೆ? ಒಲೆ ಆರಿಸಿ ಬಂದು ಗೋಡೆಗೆ ಒರಗಿ ನಿಂತೆ.

ನಮ್ಮ ಕನ್ನಡದ ಕೆಲಸ ಮಾಡಿದ ಜರ್ಮನ್ನರ ಹೆಸರು ಎಲ್ಲರಿಗೂ ಗೊತ್ತು. ಅವರ ಊರು ಯಾವುದು ಅಂತ ಕೇಳಿದವರು ಕಡಿಮೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಪತ್ರಿಕೆ ಅನ್ನುವುದನ್ನು ಕೊಟ್ಟ ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಬ್ರಾಕನ್‌ಹೈಮ್ ಅನ್ನುವ ದ್ರಾಕ್ಷಿ ತೋಟಗಳ ಊರಿನಲ್ಲಿ. ಓದಿದ್ದು ಟ್ಯೂಬಿಂಗನ್‌ನಲ್ಲಿ, 1881ರಲ್ಲಿ ಕಣ್ಣು ಮುಚ್ಚಿದ್ದು ಎಸ್ಲಿಂಗನ್‌ನಲ್ಲಿ. ಕನ್ನಡದ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲೇ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಅವರಿಗೂ ಅದೇ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ನೀಡಿತು. ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ. ಈ ಮೂರು ಊರೂ ಸ್ಟುಟ್‌ಗಾರ್ಟ್‌ನ ಸುತ್ತಮುತ್ತಲೇ ಇವೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಒಂದೊಂದಕ್ಕೂ ಹೋಗಿ ರಾತ್ರಿ ಊಟಕ್ಕೆ ಮಗಳ ಮನೆಗೆ ವಾಪಸು ಬರಬಹುದು.

ಅಣ್ಣನ ಕೈಯಲ್ಲಿದ್ದ ಪೈಪು ಒಂದೇ ಗಿಡದ ಬುಡಕ್ಕೆ ಹರಿಯುತ್ತಾ ನಿಂತಿತ್ತು. "ಈ ಕಿಟ್ಟೆಲ್ ನಮ್ಮ ಮಗಳ ಪಕ್ಕದೂರಿನವರಾ!" ಅಂದರು.

ಹುಟ್ಟೂರು ಮಾತ್ರ ಬೇರೆ. ಅದು ಉತ್ತರ ಸಮುದ್ರದ ಕಡೆಯ ಈಸ್ಟ್ ಫ್ರೀಸ್‌ಲ್ಯಾಂಡ್. ಆ ಕಡೆಯ ಮಾತು ಆಮೇಲೆ ಹೇಳುತ್ತೇನೆ. ಮೊದಲು ದುಡ್ಡಿನ ವಿಷಯ.

ನಮ್ಮಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುವವರು ತಿಂಗಳ ಪಾಸ್ ಇಟ್ಟುಕೊಂಡಿರುತ್ತಾರಲ್ಲ, ಜರ್ಮನಿಯಲ್ಲಿ ಇಡೀ ದೇಶಕ್ಕೇ ಅಂಥದೊಂದು ಪಾಸ್ ಇದೆ. ಹೆಸರು ‘ಡಾಯ್ಚ್‌ಲಾಂಡ್ ಟಿಕೆಟ್’. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಆರು ಸಾವಿರದ ಮುನ್ನೂರು. ಅಷ್ಟು ಕೊಟ್ಟರೆ ಆ ತಿಂಗಳು ಪೂರ್ತಿ ಊರೂರಿನ ಪ್ಯಾಸೆಂಜರ್ ರೈಲು, ಲೋಕಲ್ ರೈಲು, ಟ್ರಾಮು, ಸಿಟಿ ಬಸ್ಸು ಎಲ್ಲದರಲ್ಲೂ ಓಡಾಡಬಹುದು. ಐಸಿಇ, ಐಸಿ ಅನ್ನುವ ದೂರದ ವೇಗದ ಗಾಡಿಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಸಣ್ಣ ಊರುಗಳಿಗೆ ಹೋಗುವವರಿಗೆ ಅದರಿಂದ ನಷ್ಟವೇನೂ ಇಲ್ಲ, ಆ ಗಾಡಿಗಳು ಅಂಥ ಊರುಗಳಲ್ಲಿ ನಿಲ್ಲುವುದೇ ಅಪರೂಪ. ಸಮಯಕ್ಕೆ ಸರಿಯಾಗಿ ಬರುವ ಮಾತಿನಲ್ಲೂ ಈಗ ಅವುಗಳ ಹೆಸರು ಕೆಟ್ಟಿದೆ. 2024ರಲ್ಲಿ ದೂರದ ಗಾಡಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತಡವಾಗಿ ಬಂದವು.

ಈ ಪಾಸ್ ಕೊಳ್ಳುವಾಗ ಎರಡು ವಿಷಯ ನೆನಪಿಡಬೇಕು. ಇದು ಕ್ಯಾಲೆಂಡರ್ ತಿಂಗಳಿನ ಲೆಕ್ಕ. ಇಪ್ಪತ್ತನೇ ತಾರೀಕು ಇಳಿದರೆ ಹತ್ತು ದಿನಕ್ಕೂ ಪೂರ್ತಿ ಹಣ ಹೋಗುತ್ತದೆ. ಆದ್ದರಿಂದ ವಿಮಾನದ ಟಿಕೆಟ್ಟನ್ನು ತಿಂಗಳ ಮೊದಲ ದಿನಗಳಿಗೆ ಹೊಂದಿಸಿಕೊಳ್ಳಬೇಕು. ಇನ್ನೊಂದು, ಇದು ಚಂದಾ ಇದ್ದ ಹಾಗೆ, ತನ್ನಷ್ಟಕ್ಕೆ ಮುಂದುವರಿಯುತ್ತದೆ. ಬೇಡವಾದರೆ ಆ ತಿಂಗಳ ಹತ್ತನೇ ತಾರೀಕಿನೊಳಗೆ ನಿಲ್ಲಿಸು ಅಂತ ತಿಳಿಸಬೇಕು. ಅಲ್ಲಿನ ಬ್ಯಾಂಕ್ ಖಾತೆ ಇರುವ ಮಕ್ಕಳು ಮಾಡಿಸಿಕೊಟ್ಟರೆ ಸಲೀಸು. ಪಾಸ್ ಒಬ್ಬರದು ಒಬ್ಬರಿಗೆ ನಡೆಯುವುದಿಲ್ಲ, ಅಣ್ಣನಿಗೊಂದು, ಅವರ ಮನೆಯವರಾದ ಅಕ್ಕನಿಗೊಂದು ಬೇಕು. ಅಲ್ಲಿನ ಸ್ಟೇಷನ್ನಿನಲ್ಲಿ ಗೇಟೂ ಇಲ್ಲ, ಟಿಕೆಟ್ ಕೇಳುವವರೂ ಬಾಗಿಲಲ್ಲಿ ನಿಂತಿರುವುದಿಲ್ಲ. ಆದರೆ ಗಾಡಿಯೊಳಗೆ ಬಂದು ಕೇಳಿದಾಗ ಇಲ್ಲದಿದ್ದರೆ ದಂಡ 60 ಯೂರೋ.

"ಗಾಡಿ ಹೇಗಿರುತ್ತೆ ಮೇಡಂ?" ಅಣ್ಣನಿಗೆ ನಿಜವಾಗಿ ಬೇಕಿದ್ದ ಪ್ರಶ್ನೆ ಇದು. ಬಾಗಿಲು ತಾನಾಗಿ ತೆರೆಯುವುದಿಲ್ಲ, ಪಕ್ಕದ ಗುಂಡಿ ಒತ್ತಬೇಕು. ಒತ್ತದೆ ಕಾಯುತ್ತಾ ನಿಂತರೆ ಗಾಡಿ ಹೊರಟೇ ಹೋಗುತ್ತದೆ. ಮೆಟ್ಟಿಲಿಲ್ಲದೆ ಪ್ಲಾಟ್‌ಫಾರ್ಮಿನಿಂದ ನೇರವಾಗಿ ಒಳಗೆ ಕಾಲಿಡಬಹುದಾದ ಬೋಗಿಗಳು ಬಹಳ, ಮಂಡಿ ನೋವಿನವರಿಗೆ ದೊಡ್ಡ ಉಪಕಾರ. ಸೈಕಲ್ಲಿಗೆ, ಮಗುವಿನ ಗಾಡಿಗೆ ಬೇರೆ ಜಾಗ. ಕೆಲವು ಗಾಡಿಗಳು ನಡುದಾರಿಯ ಸ್ಟೇಷನ್ನಿನಲ್ಲಿ ಬಿಚ್ಚಿಕೊಂಡು ಮುಂದಿನ ಅರ್ಧ ಒಂದು ಊರಿಗೆ, ಹಿಂದಿನ ಅರ್ಧ ಇನ್ನೊಂದು ಊರಿಗೆ ಹೋಗುತ್ತವೆ.

"ಓ, ನಮ್ಮ ಲಿಂಕ್ ಬೋಗಿ!" ಅಂದರು ಅಣ್ಣ.

ಹೌದು, ಅದೇ. ಹತ್ತುವ ಮೊದಲು ಬೋಗಿಯ ಮೇಲಿನ ಬೋರ್ಡು ಓದಿಕೊಳ್ಳಬೇಕು.

ಈಗ ಊರುಗಳು. ಸ್ಟುಟ್‌ಗಾರ್ಟ್‌ನಿಂದ ಎಸ್ಲಿಂಗನ್‌ಗೆ ಲೋಕಲ್ ರೈಲಿನಲ್ಲಿ ಕಾಲು ಗಂಟೆ ಆದರೆ ಹೆಚ್ಚು. ನೆಕ್ಕರ್ ನದಿಯ ದಡದ ಊರು. ಮರದ ತೊಲೆಗಳನ್ನು ಅಡ್ಡಡ್ಡ ಉದ್ದುದ್ದ ಕೂರಿಸಿ ನಡುವೆ ಗಾರೆ ಮೆತ್ತಿದ ಹಳೆಯ ಮನೆಗಳ ಬೀದಿಗಳು, ಊರ ಹಿಂದೆಯೇ ದ್ರಾಕ್ಷಿಯ ಗುಡ್ಡ, ಮೇಲೆ ಹಳೆಯ ಕೋಟೆ. ಆ ಗುಡ್ಡ ಹತ್ತಲು ಚಾವಣಿ ಹೊದಿಸಿದ ಮೆಟ್ಟಿಲ ಸಾಲು ಇದೆ. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಬಹಳ ನಾಶವಾಯಿತು, ಈ ಊರಿನ ಹಳೆಯ ಬೀದಿಗಳು ಉಳಿದುಕೊಂಡವು. ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಕನ್ನಡ ಅಕ್ಷರ ಒತ್ತಿಸಿದ ಮನುಷ್ಯ ಕೊನೆಗೆ ಬಂದು ನೆಲೆಸಿದ್ದು ಈ ಬೀದಿಗಳ ಊರಿನಲ್ಲಿ ಅಂತ ತಿಳಿದು ನಡೆದರೆ ಆ ನಡಿಗೆಯೇ ಬೇರೆ. ನನಗಂತೂ ಪ್ಯಾರಿಸ್ಸಿನ ಗೋಪುರಕ್ಕಿಂತ ಇದು ಹತ್ತಿರದ್ದು ಅನಿಸಿತು.

ಟ್ಯೂಬಿಂಗನ್‌ಗೆ ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆಯೊಳಗೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಊರಿಡೀ ಓದುವ ಮಕ್ಕಳು. ಮೋಗ್ಲಿಂಗ್ ದೇವಶಾಸ್ತ್ರ ಓದಿದ ‘ಶ್ಟಿಫ್ಟ್’ ಅನ್ನುವ ಮಠದಂಥ ವಿದ್ಯಾರ್ಥಿ ನಿಲಯ ಇನ್ನೂ ನಡೆಯುತ್ತಿದೆ. ಹೋಲ್ಡರ್‌ಲಿನ್ ಕವಿ 1807ರಿಂದ 1843ರವರೆಗೆ, ಮನಸ್ಸು ಕದಡಿದ ಸ್ಥಿತಿಯಲ್ಲಿ, ಒಬ್ಬ ಬಡಗಿಯ ಮನೆಯವರ ಆರೈಕೆಯಲ್ಲಿ ಬದುಕಿದ ಹಳದಿ ಗೋಪುರ ನದಿಯ ಅಂಚಿಗೇ ಇದೆ. ಆತ ತೀರಿಕೊಂಡದ್ದು ‘ಮಂಗಳೂರ ಸಮಾಚಾರ’ ಹುಟ್ಟುವುದಕ್ಕೆ ಮುಂಚಿನ ತಿಂಗಳು. ನದಿಯ ನಡುವಿನ ಉದ್ದನೆಯ ನಡುಗಡ್ಡೆಯಲ್ಲಿ ದೊಡ್ಡ ದೊಡ್ಡ ಮರಗಳ ಸಾಲಿದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತರೆ ಉದ್ದನೆಯ ಗಳು ಊರಿ ದೋಣಿ ನಡೆಸುವ ವಿದ್ಯಾರ್ಥಿಗಳು ಕಾಣುತ್ತಾರೆ. ಕೂರುವುದಕ್ಕೆ ದುಡ್ಡಿಲ್ಲ, ಎಬ್ಬಿಸುವವರೂ ಇಲ್ಲ.

ಓದುವ ಮಕ್ಕಳ ಊರಾದ್ದರಿಂದ ಅಲ್ಲಿ ರೂಮು ಸಿಗುವುದು ಕಷ್ಟ. ಮಗಳ ಮನೆಯಿಲ್ಲದವರು ಪಕ್ಕದ ರೊಟನ್‌ಬುರ್ಗ್‌ನಲ್ಲಿ ಉಳಿಯಬಹುದು, ರೈಲಿನಲ್ಲಿ ಹತ್ತು ನಿಮಿಷದ ದಾರಿ. ಹೋಟೆಲಿಗಿಂತ ಅಡುಗೆಮನೆಯಿರುವ ಬಾಡಿಗೆ ಮನೆ ಮೇಲು. ವಾರಕ್ಕೆ ಹಿಡಿದರೆ ದಿನದ ಬಾಡಿಗೆ ಇಳಿಯುತ್ತದೆ, ಅನ್ನ ಸಾರು ಮಾಡಿಕೊಂಡರೆ ಊಟದ ಖರ್ಚಿನ ಮುಕ್ಕಾಲು ಪಾಲು ಉಳಿಯುತ್ತದೆ.

ಇನ್ನು ಕಾಲ್ವ್. ಟ್ಯೂಬಿಂಗನ್‌ನಿಂದ ಹೋರ್ಬ್ ಮೇಲೆ ನಾಗೋಲ್ಡ್ ಕಣಿವೆ ಹಿಡಿದು ಪ್ಫೋರ್ಜ್‌ಹೈಮ್‌ವರೆಗೆ ಹೋಗುವ ಸಣ್ಣ ರೈಲುದಾರಿಗೆ ‘ಕುಲ್ಟೂರ್‌ಬಾನ್’ ಅನ್ನುತ್ತಾರೆ. ಒಂದು ಕಡೆ ‘ಬ್ಲ್ಯಾಕ್ ಫಾರೆಸ್ಟ್’ ಅನ್ನುವ ಕಪ್ಪಡವಿಯ ಫರ್ ಮರಗಳು, ಇನ್ನೊಂದು ಕಡೆ ಹೊಳೆ. ಮಡಿಕೇರಿ ಕಡೆಗೆ ರೈಲಿದ್ದಿದ್ದರೆ ಹೀಗೇ ಇರುತ್ತಿತ್ತೇನೋ ಅನಿಸುವ ದಾರಿ. ಆ ದಾರಿಯ ಕಾಲ್ವ್ ಊರಿನಲ್ಲಿ 1893ರಲ್ಲಿ ತೀರಿಕೊಂಡ ಹರ್ಮನ್ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಕೊಟ್ಟವರು. ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳು ಮೇರಿಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಹೆಸ್ಸೆ ಹುಟ್ಟಿದ್ದು 1877ರಲ್ಲಿ, ಇದೇ ಕಾಲ್ವ್‌ನಲ್ಲಿ. ಹೊಳೆಯ ಹಳೆಯ ಸೇತುವೆಯ ಮೇಲೆ ಅವನ ಕಂಚಿನ ಪ್ರತಿಮೆ ನಿಂತಿದೆ, ಪೀಠವಿಲ್ಲದೆ, ದಾರಿಹೋಕರ ಎತ್ತರಕ್ಕೇ. ಅಜ್ಜನ ಮನೆಯ ಪುಸ್ತಕಗಳ ನಡುವೆ ಬೆಳೆದ ಹುಡುಗ ಮುಂದೆ ಭಾರತದ ಕಥೆ ಬರೆದದ್ದಕ್ಕೆ ನಮ್ಮ ಕರಾವಳಿಯೂ ಸ್ವಲ್ಪ ಕಾರಣ ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ.

ಬ್ರಾಕನ್‌ಹೈಮ್‌ಗೆ ಈಗ ರೈಲಿಲ್ಲ. ಲೌಫನ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು, ಪಾಸ್ ಬಸ್ಸಿಗೂ ನಡೆಯುತ್ತದೆ. ಆ ಲೌಫನ್‌ನಲ್ಲಿ ಅಣ್ಣ ಇಳಿಯಲೇಬೇಕು ಅಂದೆ. 1891ರಲ್ಲಿ ಅಲ್ಲಿ ನೆಕ್ಕರ್ ನದಿಯ ನೀರಿನಿಂದ ಕರೆಂಟು ತೆಗೆದು ಮೂರು ಫೇಸಿನ ತಂತಿಯಲ್ಲಿ 175 ಕಿಲೋಮೀಟರು ದೂರದ ಫ್ರಾಂಕ್‌ಫರ್ಟಿಗೆ ಕಳಿಸಿ ತೋರಿಸಿದರು. ಅಷ್ಟು ದೂರಕ್ಕೆ ಕರೆಂಟು ಹೋಗುತ್ತದೆ ಅಂತ ಜಗತ್ತು ನಂಬಿದ್ದು ಆಗ. ಹನ್ನೊಂದು ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ಕರೆಂಟು ಸುಮಾರು 90 ಮೈಲಿ ಹೋಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಣ್ಣ ಪೈಪು ಕೆಳಗಿಟ್ಟು ಲೌಫನ್ ಹೆಸರನ್ನು ಪ್ಯಾಕೇಜಿನವರ ಕಾಗದದ ಹಿಂಬದಿಗೇ ಬರೆದುಕೊಂಡರು.

ಅಷ್ಟರಲ್ಲಿ ಅಕ್ಕ ಸೊಪ್ಪು ಬಿಡಿಸುತ್ತಾ ಬಂದರು. "ಅಲ್ಲಿ ನಮಗೆ ತಿನ್ನೋಕೆ ಏನ್ ಸಿಗುತ್ತೆ ಮೇಡಂ? ಮೊಟ್ಟೆನೂ ಮುಟ್ಟಲ್ಲ ನಾವು."

ಆ ಸೀಮೆಯಲ್ಲಿ ‘ಬ್ರೆಟ್ಸೆಲ್’ ಅಂತ ಗಂಟು ಹಾಕಿದ ಹಾಗೆ ಸುಟ್ಟ ಬ್ರೆಡ್ಡು, ನಡುವೆ ಸೀಳಿ ಬೆಣ್ಣೆ ಹಚ್ಚಿ ಕೊಡುತ್ತಾರೆ. ಯಾವ ಸ್ಟೇಷನ್ನಿನ ಬೇಕರಿಯಲ್ಲೂ ಸಿಗುತ್ತದೆ, ಬೆಳಗಿನ ಹಸಿವಿಗೆ ಸಾಕು. ‘ಶ್ಪೆಟ್ಸ್‌ಲೆ’ ಅನ್ನುವ ಅವರ ಶಾವಿಗೆಗೆ ಮೊಟ್ಟೆ ಹಾಕಿರುತ್ತಾರೆ, ಅಕ್ಕನಿಗೆ ಆಗುವುದಿಲ್ಲ. ಆಲೂಗೆಡ್ಡೆ ಸಲಾಡ್ ನೋಡಿ ನಂಬಬೇಡಿ ಅಂದೆ, ಆ ಕಡೆ ಅದಕ್ಕೆ ಮಾಂಸದ ಸಾರು ಹಾಕಿ ಕಲಸುವುದು ವಾಡಿಕೆ. ಕೇಳಿಯೇ ತಿನ್ನಬೇಕು. ಹುಳಿಪುಡಿ, ಸಾರಿನಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಲ್ಲಿನ ಕಾನೂನು ಒಪ್ಪುವುದಿಲ್ಲ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಲು ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಬೇಕು. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ. ಕೊಂಡರೂ ಖಾಲಿ ಬಾಟಲಿ ಎಸೆಯಬೇಡಿ. ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸು.

ಕಿಟ್ಟೆಲ್ ಹುಟ್ಟೂರಿನ ಮಾತು ಬಾಕಿ ಉಳಿಯಿತಲ್ಲ. 1832ರಲ್ಲಿ ಅವರು ಹುಟ್ಟಿದ ರೆಸ್ಟರ್‌ಹಾಫೆ ಇರುವುದು ಡೋರ್ನುಮ್ ಹತ್ತಿರ, ಸಮುದ್ರದ ಅಂಚಿನ ಬಯಲಿನಲ್ಲಿ. ನೋರ್ಡನ್‌ವರೆಗೆ ಅದೇ ಪಾಸಿನಲ್ಲಿ ಹೋಗಬಹುದು, ಸ್ಟುಟ್‌ಗಾರ್ಟ್‌ನಿಂದ ನಿಧಾನದ ಗಾಡಿಗಳಲ್ಲಿ ಇಡೀ ದಿನ ಬೇಕು. ಆ ಕಡೆಯವರು ಟೀ ಕುಡಿಯುವುದರಲ್ಲಿ ಜಗತ್ತಿಗೇ ಮೊದಲಿಗರು, ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್. ಬಟ್ಟಲಿಗೆ ಮೊದಲು ದಪ್ಪ ಕಲ್ಲುಸಕ್ಕರೆ ಇಡುತ್ತಾರೆ, ಮೇಲೆ ಬಿಸಿ ಟೀ ಸುರಿದಾಗ ಅದು ಚಟಚಟ ಅನ್ನುತ್ತದೆ. ಆಮೇಲೆ ಅಂಚಿನಿಂದ ಕೆನೆ ಬಿಡುತ್ತಾರೆ, ಕದಡುವುದಿಲ್ಲ. ಮೂರು ಬಟ್ಟಲು ಕುಡಿಯದೆ ಏಳಬಾರದು. ಕೈಯಲ್ಲಿ ದಿನಗಳಿದ್ದರೆ ಹೋಗಿ, ಇಲ್ಲದಿದ್ದರೆ ಎಳೆದಾಡಿಕೊಂಡು ಹೋಗಬೇಡಿ. ಮೈಸೂರಿನವರಿಗೆ ಹೋಗಲು ಕಾರಣವಿರುವ ಇನ್ನೊಂದು ಊರು ಡ್ರೆಸ್ಡನ್ ಹತ್ತಿರದ ಲೋಮನ್. ಲಾಲ್‌ಬಾಗನ್ನೂ ನಮ್ಮ ಬೃಂದಾವನವನ್ನೂ ಬೆಳೆಸಿದ ಕ್ರುಂಬಿಗಲ್ 1865ರಲ್ಲಿ ಹುಟ್ಟಿದ್ದು ಅಲ್ಲಿ. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ ಅಂದೆ.

ಅಣ್ಣ ಕೊನೆಗೆ ಕೇಳಿದ್ದು ವೀಸಾ. ಅದನ್ನು ಎಲ್ಲರಿಗೂ ಹೇಳುತ್ತೇನೆ. ಶುಲ್ಕ ದೊಡ್ಡವರಿಗೆ 90 ಯೂರೋ, ಜೊತೆಗೆ ವೀಸಾ ಅರ್ಜಿ ಕೇಂದ್ರದವರ ಸೇವಾ ಶುಲ್ಕ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಮಕ್ಕಳ ಮನೆಯಲ್ಲಿ ಉಳಿಯುವವರಾದರೆ ಅವರು ಅಲ್ಲಿನ ಕಚೇರಿಯಲ್ಲಿ ಹೊಣೆಪತ್ರ ಮಾಡಿಸಿ ಕಳಿಸಬಹುದು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಅರ್ಜಿಯನ್ನು ಹೊರಡುವುದಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, ಹದಿನೈದು ದಿನ ಉಳಿದಿರುವಾಗ ಓಡಬೇಡಿ. ಮೇ ತಿಂಗಳಲ್ಲಿ ಹೋಗುವ ಮನಸ್ಸಿದ್ದವರು ಯುಗಾದಿವರೆಗೆ ಕಾಯದೆ, ಸಂಕ್ರಾಂತಿಯ ಎಳ್ಳು ಬೀರಿದ ವಾರವೇ ಅರ್ಜಿ ಕೊಡುವ ದಿನ ಗೊತ್ತು ಮಾಡಿಕೊಳ್ಳಿ.