ಸಬ್‌ವೂಫರ್ ರಾಯರು

ಯಾರು ಕಾಫಿಗೆ ಕರೆದರೂ ಖಾಲಿ ಹೊಟ್ಟೆಯಲ್ಲಿ ಹೋಗಬಹುದು. ಸಬ್‌ವೂಫರ್ ರಾಯರು ಕರೆದರೆ ಮಾತ್ರ ಊಟ ಮುಗಿಸಿಕೊಂಡೇ ಹೋಗಬೇಕು. ಅವರ ಮನೆಯಲ್ಲಿ ಕಾಫಿ ಬರುವುದು ಕ್ರಾಸ್‌ಓವರ್ ಸರಿಹೋದ ಮೇಲೆ. ಅದು ಯಾವಾಗ ಸರಿಹೋಗುತ್ತದೆಂದು ಅವರ ಶ್ರೀಮತಿಯವರಿಗೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಾದರೂ ಇಂಥ ರಾಯರು ಇದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಚೀಚೆ, ಮನೆ ಸಾಲ ತೀರಿದೆ, ಮಕ್ಕಳು ಪರವೂರಿನಲ್ಲಿ, ಎಸ್.ಪಿ. ರೋಡಿನ ಅಂಗಡಿಯವರಿಗೆಲ್ಲ ಮುಖಪರಿಚಯ. ಎರಡು ಸ್ಪೀಕರ್‌ಗಳಿಗೂ ಒಂದು ಸಬ್‌ವೂಫರ್‌ಗೂ ಹೊಂದಾಣಿಕೆ ಮಾಡಿಸುವುದೊಂದೇ ಅವರ ಉಳಿದ ಬಾಳಿನ ಕೆಲಸ.

ಕ್ರಾಸ್‌ಓವರ್ ಎಂದರೆ ಶಬ್ದವನ್ನು ಹಂಚಿಕೊಡುವ ಗೆರೆ; 80 ಹರ್ಟ್ಜ್‌ಗಿಂತ ಕೆಳಗಿನದು ಸಬ್‌ವೂಫರ್‌ಗೆ, ಮೇಲಿನದು ಸ್ಪೀಕರ್‌ಗೆ ಎಂಬುದು ಬಂದವರಿಗೆ ಅವರು ಹೇಳುವ ಮೊದಲ ಪಾಠ. ಜಾರ್ಜ್ ಲೂಕಸ್ ಅವರ ಕಂಪನಿಯಲ್ಲಿ ಹುಟ್ಟಿದ ಟಿಎಚ್‌ಎಕ್ಸ್ ಎಳೆದ ಗೆರೆ ಅದು. ಅಷ್ಟು ತಗ್ಗಿನ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲ. "ಈಗ 150ಕ್ಕೆ ಏರಿಸ್ತೀನಿ, ಕೇಳಿ" ಎಂದು ಗುಂಡಿ ತಿರುಗಿಸುತ್ತಾರೆ. ರಾಜ್‌ಕುಮಾರ್ ದನಿ ಅರ್ಧ ಟಿ.ವಿ. ಪಕ್ಕದಿಂದಲೂ ಅರ್ಧ ಸೋಫಾ ಸಂದಿಯಿಂದಲೂ ಬರತೊಡಗುತ್ತದೆ. "ಅಣ್ಣಾವ್ರನ್ನ ಹೀಗೆ ಸೀಳಬಾರದು ಕಣ್ರೀ" ಎನ್ನುತ್ತ ಮತ್ತೆ 80ಕ್ಕೆ ಇಳಿಸುತ್ತಾರೆ. ಹಾಡು ಪಲ್ಲವಿ ದಾಟಿರುವುದಿಲ್ಲ. ಆ ಮನೆಯಲ್ಲಿ ಯಾವ ಹಾಡೂ ದಾಟುವುದಿಲ್ಲ.

ಅವರ ಪರಮವೈರಿ ಅವರದೇ ಹಾಲ್. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಜ್‌ನ ನಾದ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಬೀಳುತ್ತದೆ; ಗೋಡೆಬದಿಯಲ್ಲಿ ಗುಡುಗುತ್ತದೆ, ನಟ್ಟನಡುವೆ ನಾಪತ್ತೆಯಾಗುತ್ತದೆ. ನಡುವೆ ಕುರ್ಚಿ ಹಾಕಿಸಿಕೊಂಡ ಅತಿಥಿಗೆ ಬಾಸೇ ಇಲ್ಲ, ಗೋಡೆಗೊರಗಿದ ಅತ್ತೆಯವರಿಗೆ ಎದೆನಡುಕ.

ಇದಕ್ಕೆ ಮದ್ದೂ ಉಂಟು. ಸಬ್‌ವೂಫರನ್ನು ತಾವು ಕೂರುವ ಸೋಫಾದ ಮೇಲೆ ಕೂರಿಸಿ, ಹಾಡು ಹಚ್ಚಿ, ತಾವು ಗೋಡೆಗುಂಟ ಅಂಬೆಗಾಲಿಡಬೇಕು. ಎಲ್ಲಿ ಬಾಸ್ ಹದವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು. ಪಂಚೆ ಎತ್ತಿ ಕಟ್ಟಿ, ತಲೆ ನೆಲಕ್ಕೆ ತಾಗಿಸಿ ರಾಯರು ಹರಿಯುತ್ತಿದ್ದಾಗಲೇ ಕೆಲಸದಾಕೆ ಬಂದಳು.

"ಸಾರ್ ಏನೋ ಕಳ್ಕೊಂಡವ್ರಾ ಅಮ್ಮ?"

"ಬಾಸ್ ಹುಡುಕ್ತಿದಾರೆ. ನೀನು ಆ ಕಡೆ ಗುಡಿಸ್ಕೊಂಡು ಬಾ."

ಬಾಸ್ ಸಿಕ್ಕಿತು, ಅಡುಗೆಮನೆಯ ಬಾಗಿಲ ಬಾಯಲ್ಲಿ! ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲೇ ಇಲ್ಲವೆಂದು ರಾಯರು ಸಾಧಿಸಿದರು. "ಇಟ್ಕೊಳ್ಳಿ. ನಾಳೆಯಿಂದ ಊಟಕ್ಕೆ ಹೋಟೆಲ್ಲು" ಎಂದರು ಶ್ರೀಮತಿ. ಪೆಟ್ಟಿಗೆ ಎರಡನೆಯ ಒಳ್ಳೆಯ ಜಾಗಕ್ಕೆ ಹೋಯಿತು.

ಆಮೇಲೆ ಅಳತೆ. ಮೈಕು, ಲ್ಯಾಪ್‌ಟಾಪು ಹೂಡಿ 20 ಹರ್ಟ್ಜ್‌ನಿಂದ ಮೇಲಕ್ಕೆ ಊಳಿಡಿಸುತ್ತಾರೆ. ದನಿ ಏರುವ ದಾರಿಯಲ್ಲಿ ಷೋಕೇಸಿನ ಗಾಜು, ಅಟ್ಟದ ಮೇಲಿನ ಸ್ಟೀಲ್ ಡಬರಿ ಒಂದೊಂದಾಗಿ ಹಾಜರಿ ಹೇಳುತ್ತವೆ. ಕೆಳಗಿನ ಮನೆಯವರು ಬೋರ್‌ವೆಲ್ ಮೋಟರ್ ಕೆಟ್ಟಿತೆಂದು ಮೆಕ್ಯಾನಿಕ್‌ನನ್ನು ಕರೆಸಿದ್ದೂ ಉಂಟು.

ಕೊನೆಯ ಪರೀಕ್ಷೆ ಫೇಸ್ ಸ್ವಿಚ್ಚಿನದು. ಸ್ಪೀಕರೂ ಸಬ್ಬೂ ಒಂದನ್ನೊಂದು ತಳ್ಳಾಡಿದರೆ ಮೃದಂಗದ ಎಡಮುಖ ಪೊಳ್ಳಾಗುತ್ತದೆ, ಕೂಡಿ ನಡೆದರೆ ತುಂಬಿಬರುತ್ತದೆ. ರಾಯರು ಪೆಟ್ಟಿಗೆಯ ಹಿಂದೆ ಬಗ್ಗಿಕೊಂಡು, "ಸೊನ್ನೆ ಚೆನ್ನಾಗಿತ್ತೋ, 180 ಚೆನ್ನಾಗಿತ್ತೋ?" ಎಂದು ಕೂಗುತ್ತಾರೆ. ಸೋಫಾದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಶ್ರೀಮತಿ ತಲೆಯೆತ್ತದೆ "ಮೊದಲನೇದು" ಎನ್ನುತ್ತಾರೆ. ರಾಯರು ನಂಬುವುದಿಲ್ಲ. ಎರಡು ಗಂಟೆ ಅಳೆದ ಮೇಲೆ ಗ್ರಾಫೂ ಮೊದಲನೆಯದೇ ಸರಿ ಎನ್ನುತ್ತದೆ.

ಚೆನ್ನಾಗಿ ಹೊಂದಿಕೊಂಡ ಸಬ್‌ವೂಫರ್ ಇದೆಯೆಂದೇ ತಿಳಿಯಬಾರದು. ರಾಯರಿಗೋ ಆ ತಿಳಿಯದಿರುವುದನ್ನು ಯಾರಾದರೂ ಗಮನಿಸಿ ಹೊಗಳಬೇಕು. ಪಾಪ, ಅವರ ಸಂಕಟವೆಲ್ಲ ಇರುವುದು ಇಲ್ಲೇ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಇಂಥವರ ಮನೆಗೆ ಹೋದಾಗ "ಬಾಸ್ ಸಖತ್ತಾಗಿದೆ ಸಾರ್" ಎಂದು ಮಾತ್ರ ಅನ್ನಬೇಡಿ, ಮತ್ತೆ ಸ್ಕ್ರೂಡ್ರೈವರ್ ಹೊರಬರುತ್ತದೆ. "ಸಬ್‌ವೂಫರ್ ಎಲ್ಲಿಟ್ಟಿದ್ದೀರಿ, ಕಾಣ್ತಾನೇ ಇಲ್ವಲ್ಲ?" ಎಂದು ಕೇಳಿ. ಕಾಫಿ ತಕ್ಷಣ ಬರುತ್ತದೆ.